ಮಹಾಭಾರತದ ಕಂತುಗಳು ಮತ್ತು ನಾನು ಓದಿ ಹೇಳದೆ ಬಿಟ್ಟ ಒಂದು ಹೆಸರು



ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಬಳಗದಲ್ಲಿ ಒಂದು ಪಟ್ಟಿ ಬಂದಿತು. ಬಿ. ಆರ್. ಚೋಪ್ರಾ ಅವರ 'ಮಹಾಭಾರತ' ಧಾರಾವಾಹಿಯ ಅತ್ಯುತ್ತಮ ಹತ್ತು ಕಂತುಗಳ ಪಟ್ಟಿ. ಕಳುಹಿಸಿದವನು ನನ್ನ ಬಳಿ ಎಂಟನೆಯ ತರಗತಿಯಿಂದ ಹತ್ತರವರೆಗೆ ಕನ್ನಡ ಓದಿದವನು. ಈಗ ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ವಸ್ತ್ರಾಪಹರಣ, ಗೀತೋಪದೇಶ, ಚಕ್ರವ್ಯೂಹ, ಕರ್ಣಾವಸಾನ, ಗದಾಯುದ್ಧ ಎಲ್ಲವೂ ಅದರಲ್ಲಿದ್ದವು. ಪ್ರತಿಯೊಂದರ ಮುಂದೆಯೂ ನಟರ ಹೆಸರು, ಮೇಲೆ ನಿರ್ಮಾಪಕರ ಹೆಸರು, ಹಿನ್ನೆಲೆ ಧ್ವನಿ ಕೊಟ್ಟ ಹರೀಶ್ ಭಿಮಾನಿಯವರ ಹೆಸರು ಸಹ. ನೋಡಿ ಸಂತೋಷವಾಯಿತು. ಆದರೆ ಮೇಷ್ಟರ ಚಾಳಿ ಬಿಡದು ನೋಡಿ, ಒಂದು ಪ್ರಶ್ನೆ ಹಾಕಿದೆ: 'ಇಷ್ಟೆಲ್ಲ ಕಂತುಗಳನ್ನು ಬರೆದವರು ಯಾರಪ್ಪಾ?'

ಸ್ವಲ್ಪ ಹೊತ್ತು ಯಾರೂ ಉತ್ತರಿಸಲಿಲ್ಲ. ಆಮೇಲೆ ಒಬ್ಬ, 'ವ್ಯಾಸರು ಸಾರ್' ಎಂದು ನಗುವ ಮುಖವೊಂದನ್ನು ಅಂಟಿಸಿದ. ಮತ್ತೊಬ್ಬ, 'ಯಾರೋ ರಾಹಿ ಅಂತ ಸಾರ್. ಕಥೆ ವ್ಯಾಸರದು, ದುಡ್ಡು ಚೋಪ್ರಾದು, ಅವರು ಕೂಲಿ ತಗೊಂಡು ಮಾತು ಬರೆದರು ಅಷ್ಟೆ' ಎಂದ. ಮೂರನೆಯವನು ಬರೆದದ್ದನ್ನು ನಾನು ಇಲ್ಲಿ ಹಾಗೆಯೇ ಎತ್ತಿ ಬರೆಯಲಾರೆ. ಅದರ ಸಾರಾಂಶ ಇಷ್ಟು: ನಮ್ಮ ಗ್ರಂಥವನ್ನು ಆ ಜನರ ಕೈಗೆ ಏಕೆ ಕೊಡಬೇಕಾಗಿತ್ತು, ನಮ್ಮಲ್ಲಿ ಬರೆಯುವವರು ಇರಲಿಲ್ಲವೇ ಎಂಬುದು. ಅದಕ್ಕೆ ಮೂರು ಹೆಬ್ಬೆರಳುಗಳು ಬಿದ್ದಿದ್ದವು. ಆ ಹೆಬ್ಬೆರಳುಗಳ ಒಡೆಯರಿಗೆ ಅಕ್ಷರ ತಿದ್ದಿಸಿದವನು ನಾನೇ.

ಬಳಗದಲ್ಲಿ ಜಗಳವಾಡುವ ವಯಸ್ಸು ನನ್ನದಲ್ಲ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯವೂ ಇದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಆ ಧಾರಾವಾಹಿಯಲ್ಲಿ ಶ್ರೇಷ್ಠವಾದದ್ದೇನಿದೆಯೋ ಅದರ ಬಹುಪಾಲು ಬರವಣಿಗೆಯಿಂದ ಬಂದದ್ದು, ಆ ಬರವಣಿಗೆ ಡಾ. ರಾಹಿ ಮಾಸೂಮ್ ರಜಾ ಅವರದು. ಕೂಲಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದು ನನ್ನ ವಾದ. ಮೂರನೆಯ ಮಾತಿಗೆ ಉತ್ತರ ನಮ್ಮ ಕನ್ನಡದಲ್ಲಿಯೇ ಇದೆ. ಅದನ್ನು ಪಾಠ ಓದಿಯೂ ಮರೆತವರಿಗೆ ಇನ್ನೊಮ್ಮೆ ಹೇಳುತ್ತೇನೆ.

1988ರ ಅಕ್ಟೋಬರ್ 2ರ ಭಾನುವಾರ ದೂರದರ್ಶನದಲ್ಲಿ ಮಹಾಭಾರತ ಆರಂಭವಾಯಿತು. ನನಗಾಗ ನೌಕರಿ ಸಿಕ್ಕಿ ಎರಡು ವರ್ಷ. ನಮ್ಮ ಓಣಿಯಲ್ಲಿ ಇದ್ದದ್ದು ಒಂದೇ ಕಪ್ಪುಬಿಳುಪು ಪೆಟ್ಟಿಗೆ. ಮಾಳಿಗೆಯ ಮೇಲೆ ಒಬ್ಬ ಹುಡುಗ ಆಂಟೆನಾ ಹಿಡಿದು ನಿಲ್ಲಬೇಕು, ಕೆಳಗಿನಿಂದ 'ಬಂತು, ಬಂತು, ಹೋಯ್ತು' ಎಂದು ಕೂಗಬೇಕು. ಅದಕ್ಕೆ ಮುಂಚೆ 1987ರ ಜನವರಿಯಿಂದ 1988ರ ಜುಲೈವರೆಗೆ ರಮಾನಂದ ಸಾಗರರ ರಾಮಾಯಣ ಬಂದಿದ್ದುದರಿಂದ ಭಾನುವಾರ ಬೆಳಗಿನ ಸ್ನಾನ, ಪೂಜೆ, ಉಪಾಹಾರ ಎಲ್ಲದರ ವೇಳಾಪಟ್ಟಿಯೂ ಬದಲಾಗಿ ಹೋಗಿತ್ತು. ರಾಮಾಯಣದಲ್ಲಿ ಕಿಷ್ಕಿಂಧೆ ಬಂದಾಗ ನಮ್ಮ ಹಿರಿಯರಿಗೆ ಆದ ಕೋಪ ಇನ್ನೂ ನೆನಪಿದೆ. ಆನೆಗೊಂದಿ, ಪಂಪಾಸರೋವರ, ಅಂಜನಾದ್ರಿ ಎಲ್ಲ ಇಲ್ಲೇ ಹೊಸಪೇಟೆಯ ಆಚೆ ದಂಡೆಯಲ್ಲಿರುವಾಗ, ಗುಜರಾತಿನ ಉಮರ್‌ಗಾಂವ್‌ನಲ್ಲಿ ಕಿಷ್ಕಿಂಧೆ ಕಟ್ಟಿದರಲ್ಲಾ ಎಂದು! ಇರಲಿ, ಅದು ಬೇರೆ ಕಥೆ.

ಹಿಂದಿ ಪರೀಕ್ಷೆಗಳನ್ನು ಕಟ್ಟಿದ್ದವನು ಆ ಮನೆಯಲ್ಲಿ ನಾನೊಬ್ಬನೇ. ಹೀಗಾಗಿ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಮಣೆ ಹಾಕಿ ನನ್ನನ್ನು ಕೂರಿಸುತ್ತಿದ್ದರು. ಮಾತು ಬಂದ ಹಾಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಆದರೆ ಕೆಲವೇ ವಾರಗಳಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ನನ್ನ ಅನುವಾದ ಯಾರಿಗೂ ಬೇಕಾಗುತ್ತಿರಲಿಲ್ಲ! ಹಿಂದಿ ಸಿನಿಮಾದ ಒಂದು ಮಾತೂ ತಿಳಿಯದ ಮುದುಕಿಯರು ಭೀಷ್ಮನ ಮಾತಿಗೆ ತಲೆದೂಗುತ್ತಿದ್ದರು. ಕಾರಣ ಸರಳ. ಆ ಸಂಭಾಷಣೆ ಸಂಸ್ಕೃತಭೂಯಿಷ್ಠವಾದ ಹಿಂದಿಯಲ್ಲಿತ್ತು. ಪ್ರತಿಜ್ಞಾ, ಧರ್ಮ, ಪುತ್ರ, ವಚನ, ಅನ್ಯಾಯ, ಸಿಂಹಾಸನ ಈ ಪದಗಳು ಕಂಪನಿ ನಾಟಕ, ಬಯಲಾಟ ನೋಡಿ ಬೆಳೆದ ನಮ್ಮ ಜನಕ್ಕೆ ಮನೆಮಾತು. ಎಡವಿದ್ದು ಒಂದೆರಡು ಕಡೆ ಮಾತ್ರ. ಹಿಂದಿಯಲ್ಲಿ 'ಅಧಿಕಾರ' ಎಂದರೆ ಹಕ್ಕು. ನಮ್ಮಲ್ಲಿ ಗದ್ದುಗೆ, ದರ್ಪ. 'ಸಂಸಾರ' ಎಂದರೆ ಅವರಿಗೆ ಲೋಕ. ನಮಗೆ ಹೆಂಡತಿ ಮಕ್ಕಳು. ತುಂಬಿದ ಸಭೆಯಲ್ಲಿ ಹೆಣ್ಣೊಬ್ಬಳು ಕೇಳುತ್ತಿರುವುದು ದರ್ಪವನ್ನಲ್ಲ, ಹಕ್ಕನ್ನು ಎಂದು ನಾನು ಬಿಡಿಸಿ ಹೇಳಿದಾಗ ಓಣಿಯ ಹೆಂಗಸೊಬ್ಬರು, 'ಅದನ್ನ ಮೊದಲೇ ಹೇಳಬಾರದೇನಪ್ಪಾ' ಎಂದು ನನ್ನನ್ನೇ ಗದರಿದ್ದರು.

ಉರ್ದುವಿನಲ್ಲಿ ಹುಟ್ಟಿ ಬೆಳೆದ ಒಬ್ಬ ಲೇಖಕ ಕರ್ನಾಟಕದ ಒಂದು ಓಣಿಗೆ ದುಭಾಷಿಯ ಅಗತ್ಯವಿಲ್ಲದ ಹಿಂದಿಯನ್ನು ಬರೆದರು ಎಂಬುದನ್ನು ಕೂಲಿ ಎನ್ನುವವರು ಕೊಂಚ ಯೋಚಿಸಬೇಕು. 'ಪಿತಾಶ್ರೀ', 'ಮಾತಾಶ್ರೀ', 'ಭ್ರಾತಾಶ್ರೀ', 'ತಾತಶ್ರೀ' ಎಂಬ ಸಂಬೋಧನೆಗಳು ನಿಮಗೆಲ್ಲ ನೆನಪಿವೆ. ನೀವೇ ಶಾಲೆಯ ಅಂಗಳದಲ್ಲಿ ಪರಸ್ಪರ ಹಾಗೆ ಕರೆದುಕೊಂಡು ಬಡಿದಾಡುತ್ತಿದ್ದಿರಿ. ಅವು ಹಳೆಯ ಸಂಸ್ಕೃತ ಪುಸ್ತಕದಿಂದ ಎತ್ತಿದವೆಂದು ನಾನು ಬಹಳ ಕಾಲ ನಂಬಿದ್ದೆ. ಉರ್ದು ಮನೆಗಳ 'ಅಬ್ಬಾಜಾನ್', 'ಅಮ್ಮೀಜಾನ್'ಗಳ ಅಚ್ಚಿನಲ್ಲಿ ರಜಾ ಅವರು ಎರಕ ಹೊಯ್ದ ಪದಗಳು ಅವು ಎಂದು ಆಮೇಲೆ ತಿಳಿಯಿತು. ಇಂದು ಯಾವ ಪೌರಾಣಿಕ ಧಾರಾವಾಹಿಯೂ ಆ ಪದಗಳಿಲ್ಲದೆ ಮುಂದೆ ಸಾಗದು. ಪರಂಪರೆಯನ್ನು ಕಾಯುತ್ತೇವೆನ್ನುವವರ ನಾಲಿಗೆಯ ಮೇಲೂ ಅವೇ ಇವೆ.

ಇನ್ನು ಆ ಮನುಷ್ಯ ಯಾರು? 1927ರಲ್ಲಿ ಉತ್ತರಪ್ರದೇಶದ ಗಾಜೀಪುರ ಜಿಲ್ಲೆಯಲ್ಲಿ ಜನನ. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿಯೇ ಪಾಠ ಹೇಳಿದವರು, ಅಂದರೆ ನನ್ನ ಹಾಗೆ ಮೇಷ್ಟರು. ಡಾಕ್ಟರೇಟ್ ಪದವಿಗೆ ಅವರು ಆರಿಸಿಕೊಂಡ ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು: 'ತಿಲಿಸ್ಮ್-ಎ-ಹೋಶ್‌ರುಬಾ'. ಮಾಂತ್ರಿಕರು, ಮಾಯಾನಗರಗಳು, ರೂಪ ಬದಲಿಸುವ ವೇಷಗಾರರು ತುಂಬಿದ ಉರ್ದುವಿನ ಬೃಹತ್ ಅದ್ಭುತಕಥಾ ಸಂಪುಟ ಅದು. ಆ ಮಾಯಾಲೋಕದಲ್ಲಿ ನಮ್ಮ ನೆಲದ ಬದುಕು ಹೇಗೆ ಬೆರೆತಿದೆ ಎಂಬುದು ಅವರ ಶೋಧನೆಯ ವಸ್ತು. ಅಂದರೆ ಅದ್ಭುತವನ್ನು ಹೇಗೆ ಹೇಳಬೇಕು, ಹೇಗೆ ಕೇಳುವವನ ಮನೆಯಂಗಳಕ್ಕೆ ಇಳಿಸಬೇಕು ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ವಿದ್ವಾಂಸರು. 1966ರ 'ಆಧಾ ಗಾಂವ್' ಅವರ ಹೆಸರಾಂತ ಕಾದಂಬರಿ. ದೇಶವಿಭಜನೆಯ ಕಾಲದಲ್ಲಿ ತನ್ನ ಹಳ್ಳಿ ಒಡೆದುದರ ಕಥೆ. ಮುಂಬಯಿಗೆ ಹೋಗಿ ಚಿತ್ರಗಳಿಗೆ ಸಂಭಾಷಣೆ ಬರೆದರು. ನೀವು ನಕ್ಕು ನಕ್ಕು ಸುಸ್ತಾದ 1979ರ 'ಗೋಲ್‌ಮಾಲ್' ಚಿತ್ರದ ಮಾತುಗಳೂ ಅವರವೇ. 1992ರ ಮಾರ್ಚ್ 15ರಂದು ತೀರಿಕೊಂಡರು. ಅದೇ ವರ್ಷದ ಡಿಸೆಂಬರನ್ನು ಅವರು ನೋಡಲಿಲ್ಲ.

ಚೋಪ್ರಾ ಅವರು ಮೊದಲು ಕೇಳಿದಾಗ ರಜಾ ಒಪ್ಪಿರಲಿಲ್ಲವಂತೆ. ಅಷ್ಟರಲ್ಲಿ ಸುದ್ದಿ ಹೊರಬಿದ್ದು, ಮುಸಲ್ಮಾನನೊಬ್ಬ ಮಹಾಭಾರತ ಬರೆಯುವುದೇ ಎಂದು ಆಕ್ಷೇಪಿಸುವ ಕಾಗದಗಳು ಬಂದವು. ಚೋಪ್ರಾ ಆ ಕಾಗದಗಳನ್ನು ರಜಾ ಅವರಿಗೇ ಕಳುಹಿಸಿದರು. ಓದಿದ ಮೇಲೆ ರಜಾ, ತಾನು ಗಂಗೆಯ ಮಗ, ಈಗ ತಾನೇ ಬರೆಯುವುದಾಗಿ ಹೇಳಿದರೆಂಬುದು ಪ್ರಸಿದ್ಧ ಪ್ರಸಂಗ. ಗಾಜೀಪುರ ಗಂಗೆಯ ದಡದ ಊರು. ಮಹಾಭಾರತದಲ್ಲಿ ಗಂಗೆಯ ಮಗ ಯಾರೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಬಳಗದ ಮೂರನೆಯವನು ಬರೆದದ್ದು ಹೊಸದೇನೂ ಅಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ. ಸುಮಾರು ನಲವತ್ತು ವರ್ಷದ ಹಿಂದೆ ಅಂಚೆಯಲ್ಲಿ ಬಂದ ಕಾಗದವೇ ಈಗ ಫೋನಿನಲ್ಲಿ ಬಂದಿದೆ. ಕಾಗದ ಬರೆಯಲು ಅಂಚೆಚೀಟಿಯ ಖರ್ಚಾದರೂ ಇತ್ತು.

ಈಗ ಕಂತುಗಳಿಗೆ ಬರೋಣ. ಪಟ್ಟಿಯಲ್ಲಿ ಯುದ್ಧದ ಕಂತುಗಳೇ ಹೆಚ್ಚಿದ್ದವು. ನನ್ನ ಅಭಿಪ್ರಾಯದಲ್ಲಿ ಇಡೀ ಧಾರಾವಾಹಿಯಲ್ಲಿ ಅತ್ಯಂತ ಸಪ್ಪೆ ಭಾಗ ಯುದ್ಧವೇ. ಒಂದು ಬಾಣ ಇತ್ತಲಿಂದ, ಒಂದು ಬಾಣ ಅತ್ತಲಿಂದ, ನಡು ಆಕಾಶದಲ್ಲಿ ಎರಡೂ ಕಿಡಿ ಕಾರುತ್ತಾ ಎದುರಾಗುವುದು. ಅದನ್ನು ಎಷ್ಟು ಸಲ ನೋಡುವುದು? ಬಾಲಕೃಷ್ಣನ ಕಂತುಗಳೂ ಎಳೆದಾಡಿದ್ದಾರೆ. ಅಭಿಮಾನವೆಂದರೆ ಲೋಪ ಮುಚ್ಚುವುದಲ್ಲ.

ನನ್ನ ಲೆಕ್ಕದಲ್ಲಿ ಮೊಟ್ಟಮೊದಲ ಕಂತೇ ಶ್ರೇಷ್ಠಗಳಲ್ಲಿ ಒಂದು; ಅದು ನಿಮ್ಮ ಯಾರ ಪಟ್ಟಿಯಲ್ಲಿಯೂ ಇಲ್ಲ. ಕಥೆ ಆರಂಭವಾಗುವುದು ಶಂತನುವಿನಿಂದಲ್ಲ, ಗಂಗೆಯಿಂದಲ್ಲ, ಭರತ ಚಕ್ರವರ್ತಿಯಿಂದ. ತನ್ನ ಮಕ್ಕಳಲ್ಲಿ ಒಬ್ಬನೂ ಯೋಗ್ಯನಲ್ಲವೆಂದು ಕಂಡು ಅವನು ಭೂಮನ್ಯುವನ್ನು ಯುವರಾಜನೆಂದು ಸಾರುತ್ತಾನೆ. ಆದಿಪರ್ವದಲ್ಲಿ ಇದು ವಂಶಾವಳಿಯ ನಡುವೆ ಬಂದು ಹೋಗುವ ಸಣ್ಣ ಸಂಗತಿ. ಅಲ್ಲಿ ಭೂಮನ್ಯು ಭರದ್ವಾಜರ ಅನುಗ್ರಹದಿಂದ, ಯಾಗದ ಫಲವಾಗಿ ದೊರಕಿದವನು. ರಜಾ ಆ ಸಣ್ಣ ಸಂಗತಿಯನ್ನು ಎತ್ತಿ ಇಡೀ ಮಹಾಭಾರತದ ಹೆಬ್ಬಾಗಿಲಿಗೆ ತೋರಣವಾಗಿ ಕಟ್ಟಿದರು. ರಾಜ್ಯ ಹುಟ್ಟಿಗೆ ಸಲ್ಲಬೇಕೋ ಯೋಗ್ಯತೆಗೆ ಸಲ್ಲಬೇಕೋ? ಈ ಒಂದು ಪ್ರಶ್ನೆಯನ್ನು ಮೊದಲು ಇಟ್ಟುಬಿಟ್ಟರೆ, ಮುಂದೆ ಸತ್ಯವತಿಯ ತಂದೆ ಕೇಳುವ ಷರತ್ತು, ದೇವವ್ರತನ ಪ್ರತಿಜ್ಞೆ, ಧೃತರಾಷ್ಟ್ರನ ಮಗನ ಮೇಲಿನ ಕುರುಡು ಪ್ರೇಮ, ಸೂತಪುತ್ರನೆಂದು ರಂಗಭೂಮಿಯಲ್ಲಿ ಅವಮಾನಿತನಾದ ಕರ್ಣ ಎಲ್ಲವೂ ಅದೇ ಪ್ರಶ್ನೆಯ ಬೇರೆ ಬೇರೆ ಉತ್ತರಗಳಾಗುತ್ತವೆ. ಭರತನು ಕೊಟ್ಟ ಉತ್ತರವನ್ನು ಅವನ ವಂಶವೇ ಮರೆಯಿತು, ಆದ್ದರಿಂದ ಕುರುಕ್ಷೇತ್ರವಾಯಿತು. ಇದನ್ನು ವ್ಯಾಸರು ಹೇಳಿದರೇ? ಸಾಮಗ್ರಿ ವ್ಯಾಸರದು, ಜೋಡಣೆ ರಜಾ ಅವರದು. ಲಕ್ಷ ಶ್ಲೋಕಗಳ ಗ್ರಂಥವನ್ನು 94 ಕಂತುಗಳಿಗೆ ಇಳಿಸುವವನು ಏನನ್ನು ಬಿಡಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ನಿರ್ಧರಿಸುವುದೇ ಬರವಣಿಗೆ. ನಿಮಗೆ ನಾನು ಸಾರಾಂಶ ಲೇಖನ ಬರೆಯಿಸುತ್ತಿದ್ದಾಗ ಪಟ್ಟ ಪಾಡನ್ನು ನೆನೆಸಿಕೊಳ್ಳಿ. ಒಂದು ಪುಟವನ್ನು ಹತ್ತು ಸಾಲಿಗೆ ಇಳಿಸಲು ನಿಮಗೆ ಬೆವರಿಳಿಯುತ್ತಿತ್ತು!

ಎರಡನೆಯದು, ಕಾಲ. ಕಥೆ ಹೇಳುವವರು ವೈಶಂಪಾಯನರೂ ಅಲ್ಲ, ಸೂತರೂ ಅಲ್ಲ, ಕಾಲವೇ ಹೇಳುತ್ತದೆ. ತಿರುಗುವ ಚಕ್ರ, ಗ್ರಹತಾರೆಗಳು, ಒಂದು ಧ್ವನಿ, ಅಷ್ಟೆ. ಮುಖವಿಲ್ಲದ ಪಾತ್ರ. ಆ ಧ್ವನಿ ಯಾವ ಜಾತಿಯದು, ಯಾವ ಮತದ್ದು ಎಂದು ಯಾರೂ ಕೇಳುವಂತಿಲ್ಲ. ಇದು ಎಂತಹ ಜಾಣ ಉಪಾಯವೆಂದು ನನಗೆ ಹೊಳೆದದ್ದು 2020ರಲ್ಲಿ. ಆ ವರ್ಷದ ಮಾರ್ಚ್ 28ರಿಂದ, ಲಾಕ್‌ಡೌನ್ ಕಾಲದಲ್ಲಿ, ದೂರದರ್ಶನ ಹಳೆಯ ಧಾರಾವಾಹಿಗಳನ್ನು ಮರುಪ್ರಸಾರ ಮಾಡಿತು. ನಾನು ನಿವೃತ್ತನಾದ ವರ್ಷವೂ ಅದೇ. ಬೀಳ್ಕೊಡುಗೆ ಸಮಾರಂಭವಿಲ್ಲ, ಹಾರವಿಲ್ಲ, ಭಾಷಣವಿಲ್ಲ, ಮನೆಯಲ್ಲಿ ಕುಳಿತು ಮಹಾಭಾರತ ನೋಡಿದ್ದು! ಹೊರಗೆ ಬೀದಿ ಬಿಕೋ ಎನ್ನುವಾಗ ಕಾಲವೇ ಮಾತನಾಡಿದಂತಾಗಿ ಮೈ ಜುಮ್ಮೆಂದಿತ್ತು.

ಭೀಷ್ಮಪ್ರತಿಜ್ಞೆಯನ್ನು ನಮ್ಮ ನಾಟಕಗಳು ಸಾಮಾನ್ಯವಾಗಿ ತ್ಯಾಗದ ಶಿಖರವೆಂದು ತೋರಿಸಿ ಪರದೆ ಎಳೆದುಬಿಡುತ್ತವೆ. ಇಲ್ಲಿ ಹಾಗಲ್ಲ. ಆ ಪ್ರತಿಜ್ಞೆಯ ಹಿಂದೆ ಧಾರಾವಾಹಿ ಪದೇ ಪದೇ ಹೋಗುತ್ತದೆ. ಒಬ್ಬನ ವೈಯಕ್ತಿಕ ಪಾವಿತ್ರ್ಯಕ್ಕಾಗಿ ರಾಜ್ಯವೊಂದು ತೆತ್ತ ಬೆಲೆಯ ಲೆಕ್ಕ ಇಡುತ್ತದೆ. ಆ ಲೆಕ್ಕ ಚುಕ್ತಾ ಆಗುವುದು ದ್ಯೂತಸಭೆಯಲ್ಲಿ. ಎಲ್ಲರೂ ಆ ಕಂತಿನಲ್ಲಿ ಸೀರೆಯನ್ನು ನೆನಪಿಟ್ಟುಕೊಳ್ಳುತ್ತಾರೆ. ನಾನು ನೆನಪಿಟ್ಟುಕೊಂಡಿರುವುದು ಮೌನವನ್ನು. ರೂಪಾ ಗಂಗೂಲಿ ಅವರ ದ್ರೌಪದಿ ಒಬ್ಬೊಬ್ಬ ಹಿರಿಯರ ಮುಂದೆಯೂ ನಿಂತು, ತನ್ನನ್ನು ತಾನೇ ಸೋತವನಿಗೆ ಹೆಂಡತಿಯನ್ನು ಪಣವಿಡುವ ಹಕ್ಕು ಉಂಟೇ ಎಂದು ಕೇಳುತ್ತಾಳೆ. ಭೀಷ್ಮ, ದ್ರೋಣ, ಕೃಪ ಯಾರಿಗೂ ಉತ್ತರವಿಲ್ಲ. ಅದ್ಭುತ ಘಟಿಸುವುದು, ಅಂದರೆ ಸೀರೆ ಮುಗಿಯದೆ ಬೆಳೆಯುವುದು, ಮನುಷ್ಯರೆಲ್ಲ ಬಾಯಿ ಮುಚ್ಚಿದ ಮೇಲೆ. ಮೊದಲು ನ್ಯಾಯದ ಪ್ರಶ್ನೆ, ಅನಂತರ ಪವಾಡ. ಈ ಕ್ರಮವನ್ನು ಗಮನಿಸಿ. ಕಳಪೆ ಲೇಖಕನ ಕೈಗೆ ಸಿಕ್ಕಿದ್ದರೆ ಪವಾಡಕ್ಕೇ ಅರ್ಧ ಗಂಟೆ ಕೊಟ್ಟು, ಪ್ರಶ್ನೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತಿದ್ದ.

ಕೃಷ್ಣಸಂಧಾನ, ಕುಂತಿ-ಕರ್ಣರ ಭೇಟಿ ಇವೆರಡರ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಪಂಕಜ್ ಧೀರ್ 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ನಿಮ್ಮಲ್ಲಿ ಹಲವರು ಕರ್ಣನೇ ಹೋದನೆಂದು ಬರೆದಿರಿ. ನಾನೂ ಮರುಗಿದೆ. ಅವರ ಬಾಯಿಂದ ಬಂದ ಮಾತು ಯಾರದೆಂದು ಅಂದೂ ಯಾರೂ ಕೇಳಲಿಲ್ಲ.

ಕೊನೆಯ ಕಂತು ಮತ್ತೊಂದು ಧೈರ್ಯ. ಸ್ವರ್ಗಾರೋಹಣವಿಲ್ಲ. ಯುಧಿಷ್ಠಿರನ ಪಟ್ಟಾಭಿಷೇಕದ ಮೇಲೆ, ಶರಶಯ್ಯೆಯ ಭೀಷ್ಮನ ಮರಣದೊಂದಿಗೆ ಕಥೆ ನಿಲ್ಲುತ್ತದೆ. ಗಂಗೆಯ ಮಗನಿಂದ ಮೊದಲಾದ ದುಃಖ ಗಂಗೆಯ ಮಗನ ಸಾವಿನಲ್ಲಿ ಮುಗಿಯುತ್ತದೆ. ಸ್ವರ್ಗ ತೋರಿಸಿದ್ದರೆ ಜನ ಕೈಮುಗಿದು ಏಳುತ್ತಿದ್ದರು. ಇಲ್ಲಿ ಸುಮ್ಮನೆ ಕುಳಿತರು.

ಚೋಪ್ರಾ ತಂದೆ-ಮಕ್ಕಳ ಸಾಹಸವನ್ನಾಗಲಿ, ಪರಿಕಲ್ಪನೆಗೆ ಮಾರ್ಗದರ್ಶನ ಮಾಡಿ ಅರ್ಧದಲ್ಲಿಯೇ ತೀರಿಕೊಂಡ ಪಂಡಿತ ನರೇಂದ್ರ ಶರ್ಮರ ವಿದ್ವತ್ತನ್ನಾಗಲಿ ನಾನು ಅಲ್ಲಗಳೆಯುತ್ತಿಲ್ಲ. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಆದರೆ ಎಲ್ಲರ ಹೆಸರೂ ನೆನಪಿದ್ದು ಒಂದು ಹೆಸರು ಮಾತ್ರ ಮರೆತು ಹೋದರೆ, ಅದು ಮರೆವಲ್ಲ.

ಈಗ ಮೂರನೆಯವನ ಮಾತು. 'ನಮ್ಮ ಗ್ರಂಥ' ಎಂದನಲ್ಲ, ಯಾರ ಗ್ರಂಥ? ಮಗು, ನೀನು ಕನ್ನಡದಲ್ಲಿ ಭಾರತವನ್ನು ಮೊದಲು ಓದಿದ್ದು ಯಾರ ಕೈಯಿಂದ? ಕ್ರಿ.ಶ. 941ರ ಪಂಪನ 'ವಿಕ್ರಮಾರ್ಜುನ ವಿಜಯ'. ಪಂಪ ಜೈನ. ಆದಿಪುರಾಣ ಬರೆದ ಅದೇ ಕೈ ವ್ಯಾಸಭಾರತವನ್ನು ಕನ್ನಡಕ್ಕೆ ತಂದಿತು. ಅಷ್ಟೇ ಅಲ್ಲ, ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿ, ಕರ್ಣನನ್ನು ನೆನೆಯಬೇಕೆಂದು ಹೇಳಿತು. ಗದಾಯುದ್ಧದ ರನ್ನನೂ ಜೈನ. ವೈದಿಕರ ಕಥೆಯನ್ನು ಜೈನ ಏಕೆ ಮುಟ್ಟಿದನೆಂದು ಸಾವಿರ ವರ್ಷದಿಂದ ಕನ್ನಡದಲ್ಲಿ ಯಾರೂ ಗೊಣಗಿಲ್ಲ. ಗೊಣಗಿದ್ದರೆ ನಮ್ಮ ಸಾಹಿತ್ಯಚರಿತ್ರೆಯ ಮೊದಲ ಅಧ್ಯಾಯವೇ ಇರುತ್ತಿರಲಿಲ್ಲ. ಇದನ್ನು ನಾನು ಮೂವತ್ತು ವರ್ಷಕ್ಕೂ ಮೀರಿ ಪಾಠ ಮಾಡಿದ್ದೇನೆ. ನೀವು ಅದಕ್ಕೆ ಅಂಕವನ್ನೂ ಪಡೆದಿದ್ದೀರಿ.

ಪಂಪನ ಕಾಲ ದೂರವೆನಿಸಿದರೆ ಹತ್ತಿರಕ್ಕೆ ಬನ್ನಿ. ತಾಳಮದ್ದಳೆಯ ವೇದಿಕೆಯಲ್ಲಿ ಜಬ್ಬಾರ್ ಸಮೋ ಅವರು ಪುರಾಣಪಾತ್ರಗಳ ಅರ್ಥ ಹೇಳುವಾಗ ಕರಾವಳಿಯ ಜನ ರಾತ್ರಿಯಿಡೀ ಕುಳಿತು ಕೇಳುತ್ತಾರೆ. ನಮ್ಮ ಬಳ್ಳಾರಿಯ ರಾಘವರು ವೃತ್ತಿಯಿಂದ ವಕೀಲರು. ಕೋಲಾಚಲಂ ಶ್ರೀನಿವಾಸರಾಯರ ವಿಜಯನಗರ ಪತನದ ನಾಟಕದಲ್ಲಿ ಅವರ ಪಠಾಣ ರುಸ್ತುಂ ಪಾತ್ರ ಇಂದಿಗೂ ನೆನೆಯುವಂಥದು. ಬ್ರಾಹ್ಮಣ ವಕೀಲ ಪಠಾಣನಾದಾಗ ಕಲೆ, ಮುಸಲ್ಮಾನ ಮೇಷ್ಟರು ಮಹಾಭಾರತ ಬರೆದಾಗ ಅತಿಕ್ರಮಣ, ಇದು ಯಾವ ನ್ಯಾಯ? ಪೀಟರ್ ಬ್ರೂಕ್ ಎಂಬ ಆಂಗ್ಲ ನಿರ್ದೇಶಕ, ಕಾರಿಯೇರ್ ಎಂಬ ಫ್ರೆಂಚ್ ಲೇಖಕ ಸೇರಿ 1985ರಲ್ಲಿ ಮಹಾಭಾರತವನ್ನು ರಂಗಕ್ಕೆ ತಂದಾಗ, ನಮ್ಮ ಗ್ರಂಥದ ಹಿರಿಮೆ ನೋಡಿ ಎಂದು ಹೆಮ್ಮೆಪಟ್ಟವರೇ ಹೆಚ್ಚು. ಸಮುದ್ರದಾಚೆಯವರು ಮುಟ್ಟಿದರೆ ಹಿರಿಮೆ, ಗಂಗೆಯ ದಡದವರು ಮುಟ್ಟಿದರೆ ಮೈಲಿಗೆ!

ನಮ್ಮ ಊರನ್ನೇ ತೆಗೆದುಕೊಳ್ಳಿ. ಮರಿಯಮ್ಮನಹಳ್ಳಿ ಎಂದರೆ ನಾಟಕದ ಊರು. ಕೆ. ನಾಗರತ್ನಮ್ಮನವರಂತಹ ಕಲಾವಿದೆಯರ ಊರು. ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಕಟ್ಟಿದರೆ ಸ್ತ್ರೀಪಾತ್ರಕ್ಕೆ ಜನ ಇಲ್ಲಿಗೇ ಬರುತ್ತಿದ್ದರು. ಸೀತೆಯಾಗಿ, ದ್ರೌಪದಿಯಾಗಿ ಅವರು ರಂಗಕ್ಕೆ ಬಂದಾಗ ಪ್ರೇಕ್ಷಕರು ಕೈಮುಗಿಯುತ್ತಿದ್ದರು. ಪರದೆಯ ಹಿಂದೆ ಅದೇ ಕಲಾವಿದೆಯರನ್ನು ಊರು ಹೇಗೆ ನಡೆಸಿಕೊಂಡಿತೆಂಬುದು ಹಿರಿಯರಿಗೆ ಗೊತ್ತು. ಮಂಜಮ್ಮ ಜೋಗತಿಯವರು ನೆಲೆಸಿರುವುದೂ ಇಲ್ಲಿಯೇ. ಎಲ್ಲಮ್ಮನ ಕಥೆಯನ್ನು ಕೊಡ ಹೊತ್ತು ಕುಣಿದು ಹೇಳುವ ಅವರನ್ನು ಒಂದು ಕಾಲಕ್ಕೆ ಜನ ಕಂಡು ನಕ್ಕರು. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಈಗ ಎಲ್ಲರೂ 'ನಮ್ಮೂರ ಮಂಜಮ್ಮ' ಎನ್ನುತ್ತಾರೆ. ದೇವಿಯ ಕಥೆಯನ್ನು ಹೇಳುವ ಯೋಗ್ಯತೆ ಯಾರಿಗಿದೆ ಎಂಬುದನ್ನು ಹೇಳುವವರ ಹುಟ್ಟು ನೋಡಿ ತೀರ್ಮಾನಿಸಿದ್ದರೆ ನಮ್ಮ ಊರಿಗೆ ಹೆಸರೇ ಬರುತ್ತಿರಲಿಲ್ಲ. ಮತ್ತೆ ಅದೇ ಪ್ರಶ್ನೆ ನೋಡಿ, ಮೊದಲ ಕಂತಿನ ಭರತನ ಪ್ರಶ್ನೆ.

ಹೊಸ ಧಾರಾವಾಹಿಗಳ ಬಗ್ಗೆ ಒಂದು ಮಾತು. 2013ರಲ್ಲಿ ಹಿಂದಿಯಲ್ಲಿ ಬಂದ ಮತ್ತೊಂದು ಮಹಾಭಾರತ 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂತು. ಡಬ್ಬಿಂಗ್ ಬೇಡವೆಂಬ ಹಳೆಯ ಹೋರಾಟದ ಕಾರಣಗಳನ್ನು ನಾನು ಬಲ್ಲೆ, ಗೌರವಿಸುತ್ತೇನೆ. ಆದರೂ ಮೊಮ್ಮಗಳು ಕೃಷ್ಣನ ಮಾತನ್ನು ಕನ್ನಡದಲ್ಲಿ ಕೇಳಿ ಹಿಗ್ಗಿದಾಗ ನನ್ನ ಮಣೆಯ ಕೆಲಸ ಇನ್ನು ಮುಗಿಯಿತೆಂದು ಸಮಾಧಾನವೇ ಆಯಿತು. ಗ್ರಾಫಿಕ್ಸ್ ಕಣ್ಣು ಕೋರೈಸುವಂತಿದೆ. ಆದರೆ ಒಂದು ಮಾತಿಗೆ ಹತ್ತು ಮುಖ ತೋರಿಸಿ, ಸಿಡಿಲು ಹೊಡೆಸಿ, ಮತ್ತೆ ಅದೇ ಮುಖಕ್ಕೆ ಬರುವಷ್ಟರಲ್ಲಿ ಮಾತು ತಣ್ಣಗಾಗಿರುತ್ತದೆ. ಆ ಕನ್ನಡ ಸಂಭಾಷಣೆಗಳನ್ನು ಬರೆದವರ ಹೆಸರನ್ನು ಎಷ್ಟು ಹುಡುಕಿದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಅವರೂ ಯಾರೋ ಒಬ್ಬ ಮೇಷ್ಟರಿರಬಹುದು.

ಇಷ್ಟೆಲ್ಲ ಬರೆದ ಮೇಲೆ ನನ್ನ ಪಾಲಿನ ಲೆಕ್ಕವನ್ನೂ ಒಪ್ಪಿಸಬೇಕು. ಇಲ್ಲದಿದ್ದರೆ ಈ ಬರಹ ಬರೀ ಬೋಧನೆಯಾದೀತು.

1988ರ ಆ ಮೊದಲ ವಾರಗಳಲ್ಲಿ ಹೆಸರುಗಳು ತೆರೆಯ ಮೇಲೆ ಬರುವಾಗ ನಾನು ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಜನಕ್ಕೆ ಅದೊಂದು ಮಂಗಳಾಚರಣೆಯಂತೆ. ಒಂದು ಭಾನುವಾರ 'ಸಂಭಾಷಣೆ ರಾಹಿ ಮಾಸೂಮ್ ರಜಾ' ಎಂದು ಓದಿದಾಗ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿ, 'ಏನಂದೆ?' ಎಂದರು. ಮತ್ತೊಮ್ಮೆ ಹೇಳಿದೆ. ಅವರು ಏನೂ ಅನ್ನಲಿಲ್ಲ, ಮುಖ ತಿರುಗಿಸಿದರು. ಮುಂದಿನ ಭಾನುವಾರ ಆ ಹೆಸರು ಬಂದಾಗ ನಾನು ಕೆಮ್ಮಿದೆ. ಅದರ ಮುಂದಿನ ವಾರದಿಂದ ಓದುವುದನ್ನೇ ಬಿಟ್ಟೆ. ಉಳಿದೆಲ್ಲ ಹೆಸರುಗಳನ್ನು ಓದುತ್ತಿದ್ದೆ, ಆ ಒಂದನ್ನು ಬಿಟ್ಟು. ಧಾರಾವಾಹಿ ಮುಗಿಯುವವರೆಗೂ ಹಾಗೆಯೇ ನಡೆಯಿತು. ನಿಮ್ಮ ಪಟ್ಟಿಯಲ್ಲಿ ಆ ಹೆಸರು ಇಲ್ಲದಿರುವುದಕ್ಕೆ ನಾನು ಹೇಗೆ ಬೈಯಲಿ?

ಇನ್ನೊಂದು. ಧಾರಾವಾಹಿ ನಡೆಯುತ್ತಿದ್ದ ದಿನಗಳಲ್ಲಿಯೇ ನಾನು ಕೆಲಸ ಮಾಡುತ್ತಿದ್ದ ಶಾಲೆಯ ವಾರ್ಷಿಕೋತ್ಸವಕ್ಕೆ ಕರ್ಣ-ಕುಂತಿಯರ ಪ್ರಸಂಗವನ್ನು ಮಾಡಿಸುವುದೆಂದಾಯಿತು. ಬರೆದದ್ದು, ಕಲಿಸುವುದು ಎಲ್ಲ ನನ್ನದೇ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನನ್ನು ಕರ್ಣನ ಪಾತ್ರಕ್ಕೆ ಆರಿಸಿದೆ. ಗೇಣುದ್ದದ ಹುಡುಗ, ಧ್ವನಿ ಮಾತ್ರ ಗಂಟೆ. ಹಳಗನ್ನಡದ ಛಾಯೆಯ ಮಾತುಗಳನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ. ನಾಲ್ಕು ದಿನ ಅಭ್ಯಾಸ ನಡೆಯಿತು. ಐದನೆಯ ದಿನ ಮೂವರು ಪೋಷಕರು ಬಂದರು. ಜಗಳವಾಡಲಿಲ್ಲ, ಬಹಳ ವಿನಯದಿಂದ, ಬೇರೆ ಹುಡುಗರೂ ಇದ್ದಾರಲ್ಲ ಸಾರ್ ಎಂದರು. ನನ್ನ ಮೇಲಿನವರು ಯಾರೂ ನನಗೆ ಆದೇಶ ಕೊಡಲಿಲ್ಲ. ನಾನೇ ಆ ಹುಡುಗನನ್ನು ಕರೆದು, ನಿನಗೆ ಪರದೆ ಎಳೆಯುವ ಜವಾಬ್ದಾರಿ ಕೊಡುತ್ತೇನೆ, ಅದು ದೊಡ್ಡ ಕೆಲಸ ಎಂದೆ. ಅವನು 'ಸರಿ ಸಾರ್' ಎಂದ. ಕಾರಣ ಕೇಳಲಿಲ್ಲ. ಕಾರಣ ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು.

ಆ ವರ್ಷ ಪ್ರತಿ ಭಾನುವಾರ ನಾವು ಕೈಮುಗಿದು ನೋಡುತ್ತಿದ್ದ ಅರ್ಜುನನ ಪಾತ್ರಧಾರಿಯ ಹುಟ್ಟುಹೆಸರು ಫಿರೋಜ್ ಖಾನ್. ಕುಂತಿಯಾದವರು ನಾಜನೀನ್. ನನ್ನ ಕುಂತಿಯ ಎದುರು ನನ್ನ ಕರ್ಣ ನಿಲ್ಲಲಾಗಲಿಲ್ಲ.

ಪರದೆ ಎಳೆಯುವಾಗ ಅವನು ಎಲ್ಲಿಯೂ ತಪ್ಪಲಿಲ್ಲ. ಬದಲಿಗೆ ಬಂದ ಕರ್ಣ ನಡುವೆ ಮಾತು ಮರೆತಾಗ, ಪರದೆಯ ಹಗ್ಗ ಹಿಡಿದುಕೊಂಡೇ ಪಕ್ಕದಿಂದ ಮಾತು ಎತ್ತಿಕೊಟ್ಟವನು ಅವನೇ. ಸಭೆಯಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಚಪ್ಪಾಳೆ ಜೋರಾಗಿ ಬಿತ್ತು.

ಆ ಹುಡುಗನಿಗೆ ಈಗ ಐವತ್ತು ದಾಟಿದೆ. ಊರು ಬಿಟ್ಟು ಬಹಳ ವರ್ಷಗಳಾದವು. ನಮ್ಮ ಬಳಗದಲ್ಲಿ ಅವನೂ ಇದ್ದಾನೆ. ಆ ಹೆಬ್ಬೆರಳುಗಳನ್ನು ಅವನೂ ನೋಡಿರಬೇಕು, ಏನೂ ಬರೆಯಲಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅವನ ಒಪ್ಪಿಗೆ ಕೇಳಿಲ್ಲ. ಈ ಪುಟವನ್ನು ಪ್ರಕಟಿಸುವ ಮುನ್ನ ಮೊದಲು ಅವನಿಗೆ ಕಳುಹಿಸಿದೆ. ರಾತ್ರಿ ಉತ್ತರ ಬಂದಿತು. ಕರ್ಣನ ಆ ಮಾತುಗಳು ತನಗೆ ಇಂದಿಗೂ ಬಾಯಿಗೆ ಬರುತ್ತವೆಂದು ಬರೆದು, ಎರಡನ್ನು ಬರೆದೂ ಕಳುಹಿಸಿದ್ದ. ಒಂದು ಕಡೆ ನಾನು ಅಂದು ಕಲಿಸಿದ್ದೇ ತಪ್ಪಾಗಿತ್ತು, ಅದನ್ನೂ ತಿದ್ದಿದ್ದಾನೆ.